ಬಯಲಿನ ಕೂಗು

ಆ ಊರಿನ ಕಲ್ಲುಗಣಿಯಲ್ಲಿ ಕೂಗುವುದೂ ಒಂದು ಕೆಲಸ. ಕೊರೆಯುವವರು, ಮದ್ದು ತುಂಬುವವರು, ಒಡೆಯುವವರು, ಹೊರುವವರು ಇದ್ದ ಹಾಗೆಯೇ ಒಬ್ಬರು ಕೂಗುವವರು. ಬತ್ತಿಗೆ ಬೆಂಕಿ ಮುಟ್ಟಿಸುವ ಮೊದಲು ಗಣಿಯ ಅಂಚಿನಲ್ಲಿ ನಿಂತು ಗೂಡಿನ ಕೂಗು ಕೂಗಬೇಕು. ಅದು ಕಿವಿಗೆ ಬಿದ್ದದ್ದೇ ತಡ, ಎಲ್ಲರೂ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು ಬಂಡೆಯೊಳಗೆ ಕೊರೆದ ಗೂಡುಗಳಿಗೆ, ಹಳೆಯ ಸುರಂಗಗಳಿಗೆ ನುಗ್ಗಬೇಕು. ಸಿಡಿತ ಮುಗಿದು ಧೂಳು ಕೂತ ಮೇಲೆ ಬಯಲಿನ ಕೂಗು. ಅದನ್ನು ಕೇಳುವ ತನಕ ಒಂದು ನರಪಿಳ್ಳೆಯೂ ಹೊರಗೆ ತಲೆ ಹಾಕುವಂತಿಲ್ಲ. ಎರಡರಲ್ಲೂ ಮಾತಿಲ್ಲ, ಬರೀ ದನಿ. ಗೂಡಿನದು ಎತ್ತರದಲ್ಲಿ ಹುಟ್ಟಿ ಇಳಿಯುತ್ತ ಇಳಿಯುತ್ತ ಎದೆಯೊಳಕ್ಕೆ ಹೋಗಿ ಅಡಗುವಂಥದ್ದು. ಬಯಲಿನದು ತಳದಿಂದೆದ್ದು, ತೆರೆದುಕೊಂಡು, ಎದುರುಗೋಡೆಯ ಕಲ್ಲಿಗೆ ತಾಗಿ ದುಪ್ಪಟ್ಟಾಗಿ ಮರಳುವಂಥದ್ದು.

ಇವೆರಡನ್ನೂ ಕೂಗುತ್ತಿದ್ದವಳು ಕುಳ್ಳಗಿನ, ತೆಳ್ಳಗಿನ ಹೆಂಗಸು. ಊರೆಲ್ಲ ಅವಳನ್ನು ಕೂಗಕ್ಕ ಎನ್ನುತ್ತಿತ್ತು. ಅಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ದನಿ ಹೇಗೆ ಹೊರಡುತ್ತದೆ ಎನ್ನುವುದು ಹೊಸದಾಗಿ ಬಂದ ಕೂಲಿಯವರಿಗೆ ಬಿಡಿಸಲಾಗದ ಒಗಟು. ಅವರು ಅವಳ ಹಿಂದೆ ಇನ್ನೊಬ್ಬರು ನಿಂತಿದ್ದಾರೇನೋ ಎಂದು ಇಣುಕಿ ನೋಡುವುದೂ ಇತ್ತು. ಮನೆಯಲ್ಲಿ ಅವಳದು ಪಿಸುಮಾತು. ಗಂಟಲನ್ನು ಕಾಯಬೇಕಲ್ಲ. ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನೂ ಗದರುತ್ತಿರಲಿಲ್ಲ, ಎದ್ದು ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಗಂಡ ಜಲ್ಲಿಯಂತ್ರ ನಡೆಸುವವನು. ವರ್ಷಗಟ್ಟಲೆ ಅದರ ಗಡಗಡದ ಪಕ್ಕದಲ್ಲಿ ನಿಂತು ಕಿವಿ ಪೂರ್ತಿ ಮಂದವಾಗಿತ್ತು. "ಗುಡ್ಡದಾಚೆಗೂ ಕೇಳೋ ಹೆಂಗಸಿನ ಮಾತು ಒಬ್ಬನೇ ಒಬ್ಬನಿಗೆ ಕೇಳಲ್ಲ, ಅವನನ್ನೇ ಹುಡುಕಿ ಮದುವೆ ಮಾಡಿದೀವಿ" ಎಂದು ಭಾವ ನಗುತ್ತಿದ್ದ. ಭಾವ ಎಂದರೆ ಗಂಡನ ಅಣ್ಣ, ಗಣಿಯ ಹಳೆಯ ಮದ್ದುಗಾರ. ಎಡಗೈಯ ಎರಡು ಬೆರಳು ಯಾವಾಗಲೋ ಸಿಡಿತಕ್ಕೆ ಹೋಗಿದ್ದವು. "ಉಳಿದಿದ್ದು ಊಟಕ್ಕೆ ಸಾಕು" ಎನ್ನುವುದು ಅವನ ಸಮಾಧಾನ.

ಕೂಗುವ ಕೆಲಸ ಅವಳಿಗೆ ಸೋದರತ್ತೆಯಿಂದ ಬಂದದ್ದು. ಅತ್ತೆಗಿಂತ ಮೊದಲು ಒಬ್ಬ ಗಂಡಸು ಕೂಗುತ್ತಿದ್ದ. ಕೆಟ್ಟವನೇನೂ ಅಲ್ಲ. ಒಂದು ದಿನ ಸಿಡಿತವಾದ ಮೇಲೆ ಕೆಳಗಿನಿಂದ ಯಾರೋ "ಎಲ್ಲಾ ಸರಿಯಾಗಿದೆ" ಎಂದು ಕೈ ಬೀಸಿದರು. ಅವನು ಅದನ್ನೇ ನಂಬಿ, ತಾನು ಇಳಿದು ನೋಡದೆ, ಬಯಲಿನ ಕೂಗು ಕೂಗಿದ. ಎಲ್ಲರಿಗಿಂತ ಮೊದಲು ಹೊರಬಂದವನು ಕೂಗಕ್ಕನ ಅಪ್ಪ. ಒಂದು ಕುಳಿಯಲ್ಲಿ ಮದ್ದು ಸಿಡಿಯದೆ ಮಲಗಿತ್ತು. ಗಣಿಯವರು ಅದನ್ನು ಮಲಗಿದ ಮದ್ದು ಎನ್ನುತ್ತಾರೆ. ಅವನ ಗುದ್ದಲಿ ತಾಗಿದಾಗ ಅದು ಎದ್ದಿತು.

ಅಣ್ಣನನ್ನು ಮಣ್ಣು ಮಾಡಿ ಬಂದವಳೇ ಸೋದರತ್ತೆ ಗಣಿಯ ಅಂಚಿಗೆ ಹೋಗಿ ನಿಂತಳು. ಅವಳನ್ನು ಅಲ್ಲಿಂದ ಇಳಿಸುವ ಧೈರ್ಯ ಯಾವ ಮೇಸ್ತ್ರಿಗೂ ಬರಲಿಲ್ಲ. ಅಣ್ಣನ ಮಗಳಿಗೆ ಅವಳು ದನಿಯನ್ನು ಕಲಿಸಿದ್ದು ಆಮೇಲೆ. ಮೊದಲು ಕಲಿಸಿದ್ದು ನಡೆಯುವುದನ್ನು. ಸಿಡಿತ ಆದ ಮೇಲೆ ಇನ್ನೂ ಬಿಸಿ ಆರದ ಕಲ್ಲುಗಳ ನಡುವೆ ಒಬ್ಬಳೇ ನಡೆದು, ಒಂದೊಂದು ಕುಳಿಯನ್ನೂ ಇಣುಕಿ, ಒಂದೊಂದು ಬಂಡೆಯ ಹಿಂದೂ ಬಗ್ಗಿ ನೋಡಬೇಕು. "ನೀನು ನೋಡಿದ್ದಕ್ಕೆ ಮಾತ್ರ ನಿನ್ನ ಗಂಟಲು ಕೊಡು" ಎಂದಿದ್ದಳು ಅತ್ತೆ. ಬೇರೇನೂ ಹೇಳಿರಲಿಲ್ಲ.

ಇಂಥ ಊರಿಗೆ ಒಂದು ಚಳಿಗಾಲ ಪಟ್ಟಣದಿಂದ ಒಬ್ಬ ಹುಡುಗಿ ಬಂದಳು. ಬೆನ್ನಿಗೊಂದು ಚೀಲ, ಹೆಗಲಿಗೊಂದು ಧ್ವನಿಮುದ್ರಣ ಯಂತ್ರ. ಉಳಿದುಕೊಳ್ಳಲು ಜಾಗ ಕೇಳಿಕೊಂಡು ಕೂಗಕ್ಕನ ಬಾಗಿಲಿಗೆ ಬಂದಾಗ ಕೂಗಕ್ಕ ಬಟ್ಟೆ ಹಿಂಡುತ್ತಿದ್ದಳು.

"ಏನು ಕೆಲಸಮ್ಮಾ ನಿಂದು?"

"ಮಾನವಶಾಸ್ತ್ರ ಓದ್ತೀನಿ ಅಕ್ಕ. ಜನ ಹೇಗೆ ಬದುಕ್ತಾರೆ ಅನ್ನೋದನ್ನ."

"ಅದಕ್ಕೂ ಓದ್ಬೇಕಾ? ನಾವು ಓದದೇನೇ ಬದುಕ್ತಿದೀವಲ್ಲ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು" ಎಂದು ಹುಡುಗಿ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು. ಜಾಗ ಸಿಕ್ಕಿತು.

ಅವಳು ಕೇಳದೆ ಬಿಟ್ಟ ಸಂಗತಿಯೇ ಇರಲಿಲ್ಲ. ಯಾರು ಯಾರ ಮನೆಗೆ ಕೊಟ್ಟಿದ್ದು, ಯಾರು ಯಾರೊಡನೆ ಮಾತು ಬಿಟ್ಟಿದ್ದು, ಸತ್ತವರ ಗುದ್ದಲಿ ಯಾರಿಗೆ ಹೋಗುತ್ತದೆ. ಬೀದಿ ಅವಳಿಗೆ ಪ್ರಶ್ನೆಯಮ್ಮ ಎಂದು ಹೆಸರಿಟ್ಟಿತು. ಭಾವ ಬೇಕೆಂದೇ ಸುಳ್ಳುಸುಳ್ಳು ಹೇಳಿ ಅವಳನ್ನು ಪೇಚಿಗೆ ಸಿಕ್ಕಿಸುತ್ತಿದ್ದ, ಆಮೇಲೆ ತಾನೇ ಮರುಗಿ ನಿಜ ಹೇಳುತ್ತಿದ್ದ. ಕೂಗಕ್ಕನ ತಮ್ಮ ಅವಳನ್ನು ಹಳೆಯ ಸುರಂಗದೊಳಗೆ ಕರೆದುಕೊಂಡು ಹೋದ. ಆ ಸುರಂಗದ ಕೊನೆಯಲ್ಲಿ ನೀರು ಹರಿದು ಹೋಗಲು ಹಿಂದಿನವರು ಕೊರೆದ ಒಂದು ಕಾಲುವೆಯಿದೆ. ಮೊಣಕಾಲೂರಿ ತೆವಳಿದರೆ ಗುಡ್ಡದ ಆಚೆ ಮಗ್ಗುಲಿಗೆ ತಲುಪಬಹುದು. ಅಲ್ಲಿಂದ ತಲೆಯಿಂದ ಕಾಲಿನವರೆಗೆ ಕೆಸರು ಮೆತ್ತಿಕೊಂಡು ಎದ್ದು ಬಂದ ಪ್ರಶ್ನೆಯಮ್ಮನನ್ನು ಕಂಡು ಇಡೀ ಬೀದಿ ಹೊಟ್ಟೆ ಹಿಡಿದು ನಕ್ಕಿತ್ತು.

ಅವಳು ಕೂಗಕ್ಕನ ಎರಡೂ ಕೂಗುಗಳನ್ನು ಯಂತ್ರಕ್ಕೆ ತುಂಬಿಕೊಂಡಳು. ಅಷ್ಟಕ್ಕೇ ಬಿಡದೆ, ಸಿಡಿತದ ನಂತರದ ನಡಿಗೆಗೂ ಬರುತ್ತೇನೆಂದು ಹಟ ಹಿಡಿದಳು. ಒಂದು ದಿನ ಕೂಗಕ್ಕ ಅವಳಿಗೆ ಎಡಗಡೆಯ ಬಂಡೆಗಳನ್ನು ನೋಡಲು ಹೇಳಿದಳು. ಸ್ವಲ್ಪ ಹೊತ್ತಿಗೆ "ಸರಿಯಿದೆ ಅಕ್ಕ" ಎಂದು ದನಿ ಬಂತು.

"ನೋಡಿದ್ಯಾ?"

"ನೋಡಿದೆ."

"ಹಿಂದೆ?"

ಹುಡುಗಿ ತಾನು ಬಗ್ಗಿ ನೋಡದ ಬಂಡೆಗಳ ಕಡೆ ತಿರುಗಿದಳು. ಕೂಗಕ್ಕ ಆ ಬದಿಗೆ ನಡೆದು, ಎಲ್ಲ ಬಂಡೆಗಳ ಹಿಂದೂ ಮತ್ತೆ ನೋಡಿದಳು. ಗೂಡುಗಳಲ್ಲಿ ಜನ ಬೆವರುತ್ತ ಕಾದರು. ಏನೂ ಸಿಗಲಿಲ್ಲ. ಆದರೂ ಅವತ್ತು ಸಂಜೆ ತನಕ ಅವಳು ಹುಡುಗಿಯೊಡನೆ ಮಾತಾಡಲಿಲ್ಲ. ಮಲಗುವ ಮೊದಲು ಹುಡುಗಿಯೇ ಬಂದು ಪಕ್ಕದಲ್ಲಿ ಕೂತಳು. "ಇನ್ನು ಯಾವತ್ತೂ ಹಾಗೆ ಹೇಳಲ್ಲ ಅಕ್ಕ" ಎಂದಳು. ಕೂಗಕ್ಕ ಹೊದಿಕೆಯ ಅರ್ಧ ಅವಳ ಕಡೆ ಸರಿಸಿದಳು. ಅಂದಿನಿಂದ ಅವಳನ್ನು ಕರೆಯುತ್ತಿದ್ದುದು ತಂಗಿ ಎಂದು.

ಓದು ಮುಗಿಸಿ ತಂಗಿ ಹೋದಳು. ಬೀದಿ ಅವಳಿಗೆ ಕೈ ಬೀಸಿತು. ಎಷ್ಟೋ ವರ್ಷಗಳ ಮೇಲೆ, ಕೂಗಕ್ಕನ ದನಿಯಲ್ಲಿ ವಯಸ್ಸಿನ ಬಿರುಕು ಮೂಡಿದ ಕಾಲಕ್ಕೆ, ಯುದ್ಧ ಬಂತು.

ಸೈನ್ಯ ಊರಿಗೆ ಬಂದಾಗ ಅದಕ್ಕೆ ಬೇಕಾಗಿದ್ದದ್ದು ಗಣಿಯ ಮದ್ದು ಮತ್ತು ಮದ್ದುಗಾರರು. ಕಣಿವೆಯ ಆಚೆ ಊರುಗಳಲ್ಲಿ ಮದ್ದಿಟ್ಟು ಮನೆಗಳನ್ನು ಹೇಗೆ ಉರುಳಿಸಿದ್ದರೆಂದು ಎಲ್ಲರಿಗೂ ಗೊತ್ತಿತ್ತು. ಮದ್ದುಗಾರರು ರಾತ್ರೋರಾತ್ರಿ ಪೆಟ್ಟಿಗೆಗಳನ್ನು ಹೊತ್ತುಕೊಂಡು ಹಳೆಯ ಸುರಂಗ ಸೇರಿದರು. ಕೂಗಕ್ಕನ ತಮ್ಮ ಅವರಲ್ಲಿ ಒಬ್ಬ. ಭಾವನೂ ಹೋದ. "ಈ ವಯಸ್ಸಲ್ಲಿ ನಿನಗ್ಯಾಕೆ" ಎಂದು ಕೂಗಕ್ಕನ ತಮ್ಮ ಗದರಿದರೆ, "ನೀವು ಬತ್ತಿ ತಲೆಕೆಳಗೆ ಇಡೋರು, ನೋಡ್ಕೊಳ್ಳೋಕೆ ಒಬ್ಬ ಬೇಡ್ವಾ" ಎಂದನಂತೆ. ಪೆಟ್ಟಿಗೆಗಳನ್ನು ಕಾಲುವೆಯಲ್ಲಿ ಸಾಗಿಸುವಂತಿರಲಿಲ್ಲ, ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಒಳಗೇ ಕೂತರು. ಸೈನಿಕರಿಗೆ ಸುರಂಗದೊಳಗೆ ನುಗ್ಗಲು ಅಂಜಿಕೆ. ಕತ್ತಲೆಯಲ್ಲಿ ಮದ್ದಿನ ನಡುವೆ ಗುಂಡು ಹಾರಿಸುವವರಾರು?

ಒಂದು ಬೆಳಿಗ್ಗೆ ಕೂಗಕ್ಕ ಹಿತ್ತಲಲ್ಲಿ ಬಿಸಿನೀರಿನಿಂದ ಗಂಟಲು ತೊಳೆದುಕೊಳ್ಳುತ್ತಿದ್ದಳು. ಕೆಲಸವಿರಲಿ ಬಿಡಲಿ, ಅಭ್ಯಾಸ. ಆಗ ಗಣಿಯ ಕಡೆಯಿಂದ ಬಯಲಿನ ಕೂಗು ಎದ್ದಿತು.

ಅವಳ ಬಾಯಲ್ಲಿ ನೀರಿತ್ತು. ಆ ದನಿ ಅವಳದು.

ಅದೆಂಥ ದನಿ! ತನ್ನ ದನಿಯನ್ನು ಹೊರಗಿನಿಂದ ಅವಳು ಎಂದೂ ಹೀಗೆ ಕೇಳಿರಲಿಲ್ಲ. ಪ್ರಾಯದ, ಬಿರುಕಿಲ್ಲದ, ಬೆಳಕಿನ ಹಾಗೆ ಏರುತ್ತ ಹೋಗುವ ದನಿ. ಗುಡ್ಡವೇ ಬಾಯಿ ತೆರೆದು ಹಾಡಿದಂತೆ ಎದುರುಗೋಡೆ ಅದನ್ನು ಮರಳಿಸಿತು. ಇದನ್ನು ಕೇಳಿಯೇ ಇಷ್ಟು ವರ್ಷ ಜನ ಕತ್ತಲೆಯಿಂದ ಎದ್ದು ಬರುತ್ತಿದ್ದರು ಎಂದು ಅವಳಿಗೆ ಮೊದಲ ಬಾರಿಗೆ ತಿಳಿಯಿತು. ಕರೆದರೆ ತಾನೂ ಹೋಗುವಂಥ ಕರೆ. ಒಂದು ಗಳಿಗೆ ಮೈ ಜುಂ ಎಂದಿತು. ಮರುಗಳಿಗೆ ಬಾಯಲ್ಲಿದ್ದ ನೀರನ್ನು ಉಗುಳಿದಳು. ತಾನು ಇಲ್ಲಿದ್ದೇನೆ. ಅಲ್ಲಿ ಇಳಿದು ನೋಡಿದವರು ಯಾರು?

ಗಂಡನಿಗೆ ಕೂಗು ಕೇಳಿಸಿರಲಿಲ್ಲ. ಹೆಂಡತಿಯ ಮುಖ ನೋಡಿ ಗಾಬರಿಯಾದ. "ಏನಾಯ್ತೇ?" ಎನ್ನುವಷ್ಟರಲ್ಲಿ ಅವಳು ಕೈಯಲ್ಲಿದ್ದ ಲೋಟದ ಸಮೇತ ಓಡುತ್ತಿದ್ದಳು.

ಅಂಚಿಗೆ ತಲುಪಿದಾಗ ಕಂಡದ್ದು ಇದು: ಕೆಳಗೆ ಸುರಂಗದ ಬಾಯಿಗೆ ಎದುರಾಗಿ ಒಂದು ಲಾರಿ, ಅದರ ಮೇಲೆ ಧ್ವನಿವರ್ಧಕಗಳು. ಸುರಂಗದಿಂದ ಭಾವ ಹೊರಗೆ ಬರುತ್ತಿದ್ದ. ಪ್ರತಿದಿನದ ಹಾಗೆಯೇ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಅಂಗಿಯ ಧೂಳು ಕೊಡವುತ್ತ, ಕಂಕುಳಲ್ಲಿ ತಿಂಡಿಯ ಡಬ್ಬಿ ಇಟ್ಟುಕೊಂಡು. ಅವನ ಕಣ್ಣು ಮೇಲೆ ಅಂಚಿನ ಕಡೆ ಅವಳನ್ನು ಹುಡುಕುತ್ತಿತ್ತು. ಬಂಡೆಯ ಹಿಂದಿನಿಂದ ಸೈನಿಕರು ಎದ್ದರು. ಬಂದೂಕಿನ ಹಿಡಿಯಿಂದ ಬಿದ್ದ ಮೊದಲ ಏಟಿಗೇ ಡಬ್ಬಿ ಉರುಳಿತು. ಸುರಂಗದ ಬಾಯಿಯಲ್ಲಿ ಕಂಡ ಇನ್ನಷ್ಟು ಮುಖಗಳು ಥಟ್ಟನೆ ಒಳಗೆ ಸರಿದವು.

ಲಾರಿಯ ಪಕ್ಕದಲ್ಲಿ, ಕೈಯಿಂದ ಬಾಯಿ ಮುಚ್ಚಿಕೊಂಡು ತಂಗಿ ನಿಂತಿದ್ದಳು. ಸಮವಸ್ತ್ರ ಇರಲಿಲ್ಲ. ಬೂಟು ಮಾತ್ರ ಅವರದು.

ಯಂತ್ರ ಮತ್ತೆ ಕೂಗಿತು, ಇನ್ನೊಮ್ಮೆ ಕೂಗಿತು. ಯಾರೂ ಬರಲಿಲ್ಲ. ಆಗ ಸೈನ್ಯದ ಅಧಿಕಾರಿ ತಂಗಿಯೊಡನೆ ಅಂಚಿಗೆ ಹತ್ತಿ ಬಂದು ಕೂಗಕ್ಕನನ್ನು ಕರೆಸಿದ. ಮೃದು ಮಾತಿನವನು. ಕೂರಲು ಕುರ್ಚಿ ಹಾಕಿಸಿದ. ಅವಳು ಕೂರಲಿಲ್ಲ.

"ಅಮ್ಮಾ, ಯಂತ್ರದ ಮೇಲೆ ಅವರಿಗೆ ನಂಬಿಕೆ ಹೋಯ್ತು. ನೀವು ಅವರಿಗೆ ಕಾಣೋ ಹಾಗೆ ನಿಂತು ಒಂದ್ಸಲ ಕೂಗಿ. ಎಲ್ರನ್ನೂ ಶಾಲೆಯ ಕಟ್ಟಡದಲ್ಲಿ ಇಡ್ತೀವಿ, ಊಟ ಕೊಡ್ತೀವಿ, ವಿಚಾರಿಸಿ ಮನೆಗೆ ಕಳಿಸ್ತೀವಿ. ಬರದೇ ಇದ್ರೆ ಸಂಜೆ ಸುರಂಗದ ಬಾಯಿ ಮುಚ್ಚಿಬಿಡ್ತೀವಿ. ನಿಮ್ಮ ತಮ್ಮ ಒಳಗಿದ್ದಾನಂತಲ್ಲ."

ತಮ್ಮ ಒಳಗಿದ್ದಾನೆಂದು ಇವನಿಗೆ ಹೇಳಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

"ಇವಳ ಹತ್ರ ಮಾತಾಡ್ಬೇಕು" ಎಂದಳು ಕೂಗಕ್ಕ. ಅಧಿಕಾರಿ ಧಾರಾಳವಾಗಿ ಕೈ ಚಾಚಿದ. ಅದಕ್ಕೇ ಅಲ್ಲವೇ ಆ ಓದಿದ ಹೆಂಗಸನ್ನು ಜೊತೆಗೆ ಕರೆತಂದದ್ದು. ಇಬ್ಬರೂ ಅಂಚಿನಲ್ಲಿ ನಡೆದರು. ನಾಲ್ಕು ಮಾರು ಹಿಂದೆ ಒಬ್ಬ ಸೈನಿಕ.

"ಅಕ್ಕ, ನಾನು ಬರದಿದ್ರೆ ಇವರು ಮೊದಲ ದಿನಾನೇ ಬಾಯಿ ಮುಚ್ಚಿಬಿಡ್ತಿದ್ರು" ಎಂದಳು ತಂಗಿ. ಮಾತು ಮುಗ್ಗರಿಸುತ್ತಿತ್ತು. "ಜನರನ್ನ ಬಲ್ಲವರು ಒಬ್ರು ಜೊತೇಲಿದ್ರೆ ಸಾವು ಕಮ್ಮಿ ಆಗುತ್ತೆ ಅಂದ್ರು. ನನಗೂ ಹಾಗೇ ಅನ್ನಿಸ್ತು. ಈಗ್ಲೂ... ಗೊತ್ತಿಲ್ಲ. ಧ್ವನಿಸುರುಳಿ ನಾನೇ ಕೊಟ್ಟೆ. ಯಾರೂ ಕಿತ್ಕೊಳ್ಳಲಿಲ್ಲ."

ಕೂಗಕ್ಕ ನಡೆಯುತ್ತಲೇ ಕೇಳಿದಳು.

"ಎಲ್ಲಿಡ್ತಾರಂತೆ?"

"ಶಾಲೇಲಿ."

"ನೋಡಿದ್ಯಾ?"

"ಹೇಳಿದ್ದಾರೆ. ಬರೆದೂ ಕೊಟ್ಟಿದ್ದಾರೆ."

"ಬರೆದದ್ದು ಬಿಡು. ನೋಡಿದ್ಯಾ?"

"ಶಾಲೆ ನೋಡಿದೀನಿ. ಚಾಪೆ ಹಾಕಿದ್ದಾರೆ."

"ಹಿಂದೆ?"

ತಂಗಿಯ ಹೆಜ್ಜೆ ನಿಂತಿತು.

"ಆಚೆ ಊರಿನವರನ್ನೂ ಹೀಗೇ ಕರ್ಕೊಂಡು ಹೋದ್ರಲ್ಲ, ಅವರನ್ನ ನೋಡಿದ್ಯಾ? ಒಬ್ಬರನ್ನಾದ್ರೂ? ಬೀದಿಬೀದಿ ಸುತ್ತಿ ನಮ್ಮ ಮನೆ ಉಪ್ಪಿನ ಡಬ್ಬಿವರೆಗೂ ಕೇಳಿದೋಳು ನೀನು. ಇವರನ್ನ ಕೇಳಿದ್ಯಾ?"

"ಕೇಳಿದೆ. ಚೆನ್ನಾಗಿದ್ದಾರೆ ಅಂದ್ರು." ತಂಗಿಯ ತುಟಿ ಬಿಳಿಚಿತ್ತು. ಆಮೇಲೆ ಬಹಳ ಮೆಲ್ಲಗೆ, ಒಳಗಿನಿಂದ ಕಲ್ಲೊಂದನ್ನು ಎತ್ತಿ ಹೊರಗಿಡುವವಳಂತೆ, "ನೋಡಿಲ್ಲ ಅಕ್ಕ. ನಾನು ನೋಡಿಲ್ಲ" ಎಂದಳು.

ಕೂಗಕ್ಕ ತಲೆಯೆತ್ತಿ ಸುತ್ತ ನೋಡಿದಳು. ಅದು ಅವಳ ಕಸುಬು, ಎಂಥ ಹೊತ್ತಿನಲ್ಲೂ ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಸುರಂಗದ ಬಾಯಿಯ ಸುತ್ತ ಸೈನಿಕರು. ಮಣ್ಣಿನ ದಾರಿಯಲ್ಲಿ ಸೈನಿಕರು. ಕಚೇರಿಯ ಮಾಡಿನ ಮೇಲೂ ಒಬ್ಬ. ಗುಡ್ಡದ ಆಚೆ ಮಗ್ಗುಲಲ್ಲಿ, ಕಾಲುವೆ ಹೊರಬೀಳುವ ಪೊದೆಗಳ ಕಡೆ, ಒಬ್ಬನೂ ಇರಲಿಲ್ಲ. ಅಲ್ಲಿ ಹಕ್ಕಿಗಳು ನಿಶ್ಚಿಂತೆಯಿಂದ ಇಳಿಯುತ್ತಿದ್ದವು.

ಅವಳು ತಂಗಿಯತ್ತ ತಿರುಗಿದಳು. ತಮ್ಮನ ಹೆಸರು ಹೇಳಿದ ಈ ಬಾಯಿ, ಧ್ವನಿಸುರುಳಿ ಕೊಟ್ಟ ಈ ಕೈ. ಆದರೆ ಆ ಕಾಲುವೆಯ ಕೆಸರನ್ನು ಮೈಗೆಲ್ಲ ಮೆತ್ತಿಕೊಂಡು ಎದ್ದು ಬಂದವಳೂ ಇವಳೇ, ಅದರ ಬಗ್ಗೆ ಒಂದು ಮಾತನ್ನೂ ಹೊರಗೆ ಬಿಟ್ಟಿರಲಿಲ್ಲ. ತಂಗಿ ಅವಳ ದೃಷ್ಟಿ ಹೋದ ಕಡೆ ನೋಡಿ, ಕಣ್ಣು ತಗ್ಗಿಸಿದಳು.

"ಕೂಗ್ತೀನಿ" ಎಂದಳು ಕೂಗಕ್ಕ ಅಧಿಕಾರಿಗೆ.

ಅವಳು ತನ್ನ ಜಾಗದಲ್ಲಿ ನಿಂತಳು. ಸೋದರತ್ತೆಯ ಪಾದ, ತನ್ನ ಪಾದ ತುಳಿದು ತುಳಿದು ನುಣುಪಾದ ಕಲ್ಲು ಅದು. ಒಳಗಿನವರಿಗೆ ಕಾಣುವಂತೆ ಸೆರಗನ್ನು ತಲೆಯಿಂದ ಸರಿಸಿದಳು. ಕೆಳಗೆ ಲಾರಿಯ ಹಿಂಬದಿಯಲ್ಲಿ ಭಾವ ಕೈ ಕಟ್ಟಿಸಿಕೊಂಡು ಕೂತಿದ್ದ. ಅವನ ಗಲ್ಲದ ಮೇಲೆ ರಕ್ತ ಒಣಗಿತ್ತು. ಅವನೂ ಮೇಲೆ ನೋಡಿದ.

ಅವಳು ಉಸಿರು ತುಂಬಿಕೊಂಡಳು. ಗಾಳಿಯೂ ನಿಂತ ಹಾಗಾಯಿತು.

ದನಿ ಎತ್ತರದಲ್ಲಿ ಹುಟ್ಟಿತು. ಆಮೇಲೆ ಇಳಿಯತೊಡಗಿತು. ಬಂಡೆಯಿಂದ ಬಂಡೆಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ, ವಯಸ್ಸಿನ ಬಿರುಕನ್ನೂ ಜೊತೆಗಿಟ್ಟುಕೊಂಡು ಇಳಿಯಿತು. ಸುರಂಗದ ಬಾಯಿಯೊಳಗೆ ಹೊಕ್ಕು, ಕತ್ತಲೆಯ ಆಳಕ್ಕೆ, ಇನ್ನೂ ಆಳಕ್ಕೆ ಇಳಿದು ಅಡಗಿತು. ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಡಿ. ಒಳಗೆ ಹೋಗಿ. ಇಲ್ಲಿ ಸಿಡಿಯಲಿದೆ.

ಅಧಿಕಾರಿ ಹುಬ್ಬು ಗಂಟಿಕ್ಕಿದ.

"ಬೆಳಿಗ್ಗೆ ಯಂತ್ರದಲ್ಲಿದ್ದದ್ದು ಹೀಗಿರಲಿಲ್ಲವಲ್ಲ. ಅದು ಏರ್ತಿತ್ತು. ಇದು ಇಳೀತು."

ಅವನು ಕೂಗಕ್ಕನನ್ನು ಕೇಳಲಿಲ್ಲ. ಕೇಳಿದ್ದು ತಂಗಿಯನ್ನು. ಈ ಜನರ ವಿಷಯದಲ್ಲಿ ಅವನು ನಂಬುತ್ತಿದ್ದುದು ಅವಳ ಮಾತನ್ನು. ಸೈನಿಕರ ಆ ಇಡೀ ಸಾಲಿನಲ್ಲಿ ಎರಡು ಕೂಗುಗಳ ಅರ್ಥ ಬಲ್ಲವಳು ಅವಳೊಬ್ಬಳೇ. ಕೂಗಕ್ಕ ಅವಳ ಕಡೆ ತಿರುಗಲಿಲ್ಲ. ತಿರುಗಿದರೆ ಅದು ಬೇಡಿಕೊಂಡಂತೆ. ತಮ್ಮನ ಜೀವ, ಒಳಗಿದ್ದ ಅಷ್ಟೂ ಜನರ ಜೀವ, ಒಂದು ನಾಲಿಗೆಯ ತುದಿಯಲ್ಲಿ ಕೂತಿತ್ತು.

"ಬೆಳಿಗ್ಗೆಯದು ಕೆಲಸದ ಕೂಗು" ಎಂದಳು ತಂಗಿ. ದನಿ ಪಾಠ ಹೇಳುವವರ ದನಿಯ ಹಾಗೆ ಸಮನಾಗಿತ್ತು. "ಅದಕ್ಕೇ ಅವರು ಪೂರ್ತಿ ನಂಬಲಿಲ್ಲ. ಇದು ಮನೆಯವರನ್ನ ಕರೆಯೋದು. ಇದೇ ಸರಿ. ಇದಕ್ಕೆ ಅವರು ಒಟ್ಟಾಗಿ ಯೋಚನೆ ಮಾಡಿ ಬರ್ತಾರೆ. ಸ್ವಲ್ಪ ಹೊತ್ತು ಹಿಡಿಯುತ್ತೆ. ಕಾಯಿರಿ."

ಅಧಿಕಾರಿ ಕಾದ. ತನಗೆ ಹಾಕಿಸಿದ್ದ ಕುರ್ಚಿಯಲ್ಲಿ ಈಗ ಕೂಗಕ್ಕ ಕೂತಳು. ತಂಗಿ ಪಕ್ಕದಲ್ಲಿ ನಿಂತೇ ಇದ್ದಳು. ಗಣಿಯ ನೆರಳು ಒಂದು ಗೋಡೆಯಿಂದ ಇಳಿದು ಇನ್ನೊಂದನ್ನು ಹತ್ತಿತು. ಎಷ್ಟೋ ಹೊತ್ತಿನ ಮೇಲೆ ಗುಡ್ಡದ ಆಚೆ ಪೊದೆಗಳಿಂದ ಹಕ್ಕಿಗಳು ಒಟ್ಟಿಗೇ ಮೇಲೆದ್ದವು. ಸೈನಿಕರಲ್ಲಿ ಯಾರೂ ಹಕ್ಕಿಗಳ ಕಡೆ ನೋಡುತ್ತಿರಲಿಲ್ಲ. ಹೆಂಗಸರಿಬ್ಬರೂ ನೋಡಿದರು, ಮತ್ತೆ ಸುರಂಗದ ಕಡೆಗೇ ಕಣ್ಣು ನೆಟ್ಟರು.

ಸಂಜೆ ಸುರಂಗದ ಬಾಯಿಯನ್ನು ಸಿಡಿಸಿ ಮುಚ್ಚಿದರು. ಒಳಗೆ ಪೆಟ್ಟಿಗೆಗಳಷ್ಟೇ ಇದ್ದವೆಂದು ಅವರಿಗೆ ತಿಳಿದದ್ದು ಮರುದಿನ, ಆಚೆ ಕಣಿವೆಯಲ್ಲಿ ಕೆಸರು ಮೆತ್ತಿದ ಹೆಜ್ಜೆಗಳು ಕಂಡಾಗ. ಅಂದೇ ತಂಗಿಯನ್ನು ಲಾರಿಗೆ ಹತ್ತಿಸಿಕೊಂಡು ಹೋದರು. ಕೂಗಕ್ಕ ಬಾಗಿಲಲ್ಲಿ ತನ್ನ ಸರದಿಗೆ ಕಾದು ಕೂತಳು. ಅಂದು ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದು ಅವಳಿಗೆ ಯುದ್ಧ ಮುಗಿಯುವ ತನಕ ಅರ್ಥವಾಗಲಿಲ್ಲ.

ಅದನ್ನು ತಿಳಿಸಿದವನು ಭಾವ. ಸೆರೆಯಿಂದ ಬಿಡುಗಡೆಯಾಗಿ ಬಂದಾಗ ಅವನು ಅರ್ಧ ಆಗಿದ್ದ. ಕುಡಿಯಲು ಕೊಟ್ಟ ಚಹಾ ಆರುವ ತನಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದು, ಆಮೇಲೆ ಹೇಳಿದ.

"ಅವಳನ್ನ ನಮ್ಮ ಪಕ್ಕದ ಕೋಣೇಲೇ ಇಟ್ಟಿದ್ರು. ಗೋಡೆ ತೆಳು. ಆ ಮುದುಕಿ ಏನು ಕೂಗಿದ್ಲು ಹೇಳು, ಬೇಕಂತ ಮಾಡಿದ್ಲಾ ಅಂತ ದಿನಾ ಕೇಳೋರು. ಇವಳದು ಒಂದೇ ಉತ್ತರ. ಮುದುಕಿ ನೀವು ಹೇಳಿದ್ದನ್ನೇ ಕೂಗಿದ್ಲು, ತಪ್ಪು ನಂದು. ನನಗೆ ಆ ಜನ ಗೊತ್ತಿಲ್ಲ. ನಾನು ಸರಿಯಾಗಿ ಕಲೀಲಿಲ್ಲ. ಅಷ್ಟು ವರ್ಷ ಓದಿದ್ದೆಲ್ಲ ಸುಳ್ಳು ಅಂತ."

"ಹಾಗಂದ್ಲಾ?"

"ಹಾಗೇ. ನಾನು ಹೇಳಿದ ಸುಳ್ಳನ್ನೆಲ್ಲ ಕೂತು ತಿದ್ದಿಕೊಂಡವಳು ಕಣೇ ಅದು. ನಮ್ಮನ್ನ ನಮಗಿಂತ ಚೆನ್ನಾಗಿ ಕಲಿತಿದ್ಲು. ಅವಳ ಬಾಯಲ್ಲಿ ಆ ಮಾತು." ಭಾವ ಚಹಾ ಕುಡಿಯದೆ ಲೋಟ ಕೆಳಗಿಟ್ಟ.

ಅದನ್ನು ಕೇಳಿದ ಮೇಲೆ ಕೂಗಕ್ಕ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಒಬ್ಬ ಹೆಂಗಸಿಗೆ ಇರುವ ಒಂದೇ ಆಸ್ತಿಯನ್ನು, ತಾನು ಬಲ್ಲೆ ಎಂಬುದನ್ನು, ಏಟು ತಿನ್ನುತ್ತ ದಿನದಿನವೂ ಇಲ್ಲ ಎನ್ನುವುದು. ಅಂಥ ದೊಡ್ಡ ದನಿಯನ್ನು ಅವಳು ತನ್ನ ಬದುಕಿನಲ್ಲಿ ಕೇಳಿರಲಿಲ್ಲ. ಹಾಗೆಂದು ಭಾವನ ಗಲ್ಲದ ಕಲೆ ಮಾಸಿರಲೂ ಇಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಹೇಗೆ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ. ಇಟ್ಟುಕೊಂಡಳು.

ಗಣಿ ಮತ್ತೆ ತೆರೆದು ಒಂದೆರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಕೂಗಕ್ಕ ಅಂಚಿಗೆ ಹತ್ತುವಾಗ, ಕೆಳಗೆ ಗೂಡಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಕೂದಲು ನೆರೆತಿತ್ತು, ಒಂದು ಕಾಲು ಎಳೆಯುತ್ತಿತ್ತು. ಹೆಗಲಲ್ಲಿ ಯಂತ್ರ ಇರಲಿಲ್ಲ. ಗಣಿಯ ಜನ ಅವಳನ್ನು ನೋಡಿದರು. ಪ್ರಶ್ನೆಯಮ್ಮ ಯಾರನ್ನೂ ಏನೂ ಕೇಳಲಿಲ್ಲ.

ಕೂಗಕ್ಕ ಗೂಡಿನ ಕೂಗು ಕೂಗಿದಳು. ಜನ ಒಳಗೆ ಸರಿದರು. ಹೆಂಗಸು ಹೊರಗೇ ನಿಂತಿದ್ದಳು, ಒಳಗೆ ಬರಲು ತನಗೆ ಹಕ್ಕಿಲ್ಲ ಎನ್ನುವಂತೆ. ಗೂಡಿನ ಬಾಯಲ್ಲಿ ಕೂಗಕ್ಕನ ತಮ್ಮ ಇದ್ದ. ಮುಖ ಗಂಟು ಹಾಕಿಕೊಂಡು ಸ್ವಲ್ಪ ಹೊತ್ತು ಅವಳನ್ನು ನೋಡಿದ. "ನಿಂತ್ಕೊಂಡು ಸಾಯ್ತೀಯಾ? ಬಾ ಒಳಗೆ" ಎಂದು ಅರಚಿದ. ಭಾವ ಪಕ್ಕಕ್ಕೆ ಜರುಗಿ ಜಾಗ ಮಾಡಿದ.

ಸಿಡಿಯಿತು. ಧೂಳು ಕೂತಿತು. ಕೂಗಕ್ಕ ಇಳಿದು ನಡೆದಳು. ಒಂದೊಂದು ಕುಳಿಯನ್ನೂ ಇಣುಕಿದಳು, ಒಂದೊಂದು ಬಂಡೆಯ ಹಿಂದೂ ಬಗ್ಗಿದಳು. ಎಲ್ಲ ಮುಗಿದ ಮೇಲೆ, ಮೊದಲಿನಿಂದ ಮತ್ತೊಮ್ಮೆ ನೋಡಿದಳು. ಗೂಡಿನೊಳಗೆ ಯಾರೂ ಗೊಣಗಲಿಲ್ಲ. ಆಮೇಲೆ ಮಂಡಿ ಹಿಡಿದುಕೊಂಡು ಮೇಲೆ ಹತ್ತಿ, ಆ ನುಣುಪು ಕಲ್ಲಿನ ಮೇಲೆ ಪಾದ ಊರಿ, ಉಸಿರು ತುಂಬಿಕೊಂಡಳು.

ದನಿ ತಳದಿಂದೆದ್ದಿತು. ಒಡೆದ ದನಿ, ಯಂತ್ರದಲ್ಲಿದ್ದ ಆ ಪ್ರಾಯದ್ದಲ್ಲ. ಆದರೂ ಅದು ಏರಿತು, ತೆರೆದುಕೊಂಡಿತು, ಎದುರುಗೋಡೆಗೆ ತಾಗಿ ದುಪ್ಪಟ್ಟಾಗಿ ಮರಳಿತು. ಜನ ಬಿಸಿಲಿಗೆ ಬಂದರು. ಎಲ್ಲರಿಗಿಂತ ಕೊನೆಗೆ, ಭಾವನ ತೋಳು ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ ಅಂಚಿನ ಕಡೆ ನೋಡುತ್ತ, ತಂಗಿ ಹೊರಗೆ ಬಂದಳು.